ಮುದುಕಿಗೆ ಹೆಪ್ಪು

ಅವಳು ಅವರನ್ನು ಮೊದಲ ಸಲ ನೋಡಿದಾಗ ಕಂಡದ್ದು ಕಾಲುಗಳು ಮಾತ್ರ. ಒಂದು ಕಾಲಿಗೆ ಕಪ್ಪು ಗಮ್‌ಬೂಟು, ಇನ್ನೊಂದಕ್ಕೆ ಹಸಿರು. ಸೊಂಟದಿಂದ ಮೇಲಿನದೆಲ್ಲ, ಮುಚ್ಚಳ ತೆಗೆದು ಅಡ್ಡ ಮಲಗಿಸಿದ್ದ ದೊಡ್ಡ ಮರದ ಪೀಪಾಯಿಯೊಳಗೆ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬಿಯರ್ ಕಾರ್ಖಾನೆಯ ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದು ನೆಲದ ನೀರಿನಲ್ಲಿ ಅಲ್ಲಾಡುತ್ತಿತ್ತು. ಎಲ್ಲಿಂದಲೋ ಬೇಯುತ್ತಿದ್ದ ಬಾರ್ಲಿಯ ಹಬೆ ಬಂದು ಎಲ್ಲವನ್ನೂ ತುಸು ಮಸುಕು ಮಾಡಿತ್ತು. ಅವಳು ಪದವಿಯ ಪ್ರಮಾಣಪತ್ರವಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿಕೊಂಡು, ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿದ್ದಳು.

"ಯಾರದು ಬೆಳಕಿಗೆ ಅಡ್ಡ ನಿಂತಿರೋದು?" ಎಂದಿತು ಪೀಪಾಯಿ.

"ನಾನು... ಲ್ಯಾಬಿಗೆ ಹೊಸದಾಗಿ ಸೇರಿದ್ದೀನಿ."

"ಲ್ಯಾಬು ಆ ಕಡೆ. ಮೂಗು ತಂದಿದ್ದೀಯಾ?"

ಮೊದಲು ಬೆನ್ನು, ಆಮೇಲೆ ಭುಜ, ಕೊನೆಗೆ ಬೆಳ್ಳಗಿನ ತಲೆ ಹೊರಬಂದವು. ಕಿವಿಗೆ ಸಿಕ್ಕಿಸಿದ ಪೆನ್ಸಿಲು ಅಷ್ಟಾದರೂ ಬಿದ್ದಿರಲಿಲ್ಲ. ಅವರು ಪಕ್ಕಕ್ಕೆ ಸರಿದು, ದೇವರ ಕೋಣೆಗೆ ದಾರಿ ಬಿಡುವವರ ಹಾಗೆ ಕೈ ತೋರಿಸಿದರು. ಅವಳು ಕವರನ್ನು ಸ್ಟೂಲಿನ ಮೇಲಿಟ್ಟು ತಲೆ ಒಳಗೆ ಹಾಕಿದಳು. ಹಿಂದಿನ ದಿನವಷ್ಟೇ ಬಿಯರ್ ಖಾಲಿ ಮಾಡಿದ್ದ, ಇನ್ನೂ ತೊಳೆಯದ ಪೀಪಾಯಿ ಅದು. ಕತ್ತಲೆಯಲ್ಲಿ ಕಣ್ಣು ಮುಚ್ಚಿಕೊಂಡಳು.

"ಹುಲ್ಲಿನ ಬಣವೆ," ಎಂದಳು. "ಮಳೆ ನಿಂತು ಎರಡು ದಿನ ಆದ್ಮೇಲೆ ಒಳಗೆ ಕೈ ಹಾಕಿದ್ರೆ ಬೆಚ್ಚಗಿರುತ್ತಲ್ಲ, ಆ ವಾಸನೆ."

ಅವರು ಕಿವಿಯ ಪೆನ್ಸಿಲನ್ನು ಸರಿಮಾಡಿಕೊಂಡರು. "ನಿನ್ನ ಹಿಂದೆ ಇದ್ದವನು 'ಚೆನ್ನಾಗಿದೆ ಸಾರ್' ಅಂದಿದ್ದ. ಆರು ತಿಂಗಳೂ ನಿಲ್ಲಲಿಲ್ಲ. ಹೋಗು, ಚಹಾ ಕುಡಿದು ಬಾ."

ಅಲ್ಲಿ ಎಲ್ಲರೂ ಅವರನ್ನು ಪೀಪಾಯಿ ದೊಡ್ಡಪ್ಪ ಎನ್ನುತ್ತಿದ್ದರು. ಮೂಲದಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ. ಇಪ್ಪತ್ತೆರಡು ವರ್ಷದ ಹಿಂದೆ ಸೋರುವ ಒಂದು ಹಲಗೆ ರಿಪೇರಿ ಮಾಡಲು ಒಂದು ಮಧ್ಯಾಹ್ನದ ಮಟ್ಟಿಗೆ ಬಂದವರು, ಹಾಗೇ ಉಳಿದುಬಿಟ್ಟಿದ್ದರು. "ಆ ರಿಪೇರಿ ಇನ್ನೂ ಮುಗಿದಿಲ್ಲ," ಎಂದು ಅವರ ಹೆಂಡತಿ ಇವತ್ತಿಗೂ ಹಂಗಿಸುವುದುಂಟು. ಬಿಯರನ್ನು ಅವರು ಚಮಚದಲ್ಲಿ ರುಚಿ ನೋಡುತ್ತಿದ್ದರೇ ಹೊರತು ಲೋಟ ಹಿಡಿದು ಕುಡಿದದ್ದನ್ನು ಕಂಡವರಿಲ್ಲ.

ಪೀಪಾಯಿಗಳು ಒಟ್ಟು ಒಂಬತ್ತು. ಎಂಟರಲ್ಲಿ ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಬಿಯರು. ಗೋಡೆಯ ಮೂಲೆಯಲ್ಲಿದ್ದ ಒಂಬತ್ತನೆಯದನ್ನು ಮುದುಕಿ ಎಂದು ಕರೆಯುತ್ತಿದ್ದರು. ಮುದುಕಿಯೊಳಗೆ ಹೋದ ಬಿಯರು ಹದಿನಾಲ್ಕು ತಿಂಗಳು ಹೊರಗೆ ಬರುತ್ತಿರಲಿಲ್ಲ. ಬಂದಾಗ ಒಂದು ಬಗೆಯ ಹುಳಿ ಹೊತ್ತು ಬರುತ್ತಿತ್ತು, ಬೆಲೆಯೂ ಉಳಿದವುಗಳ ನಾಲ್ಕು ಪಟ್ಟು. ಮಧ್ಯಾಹ್ನ ಊಟವಾದ ಮೇಲೆ ಆ ಕೋಣೆಯಲ್ಲಿ ಸದ್ದು ಅಡಗಿದಾಗ, ಮುದುಕಿ ನಿದ್ದೆಯಲ್ಲಿ ಮಾತಾಡುವುದು ಕೇಳುತ್ತಿತ್ತು. ಒಂದು ಗುಳ್ಳೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು ಗುಳ್ಳೆ. ಅವಳು ಲ್ಯಾಬಿನ ಬಾಗಿಲು ತೆರೆದಿಟ್ಟುಕೊಂಡು ಅದನ್ನೇ ಕೇಳುತ್ತ ವರದಿ ಬರೆಯುತ್ತಿದ್ದಳು. ಕೆಲವೊಮ್ಮೆ ಪೆನ್ನು ನಿಂತು ಎಷ್ಟು ಹೊತ್ತಾಯಿತೆಂದೇ ತಿಳಿಯುತ್ತಿರಲಿಲ್ಲ.

ಬಸ್ ಓಡಿಸುವ ಅವಳ ಅಣ್ಣನಿಗೆ ಆ ಬೆಲೆ ಕೇಳಿ ನಗು ತಡೆಯಲಾಗಲಿಲ್ಲ. "ಒಂದು ಬಾಟಲಿಗಾ? ಅದರಲ್ಲಿ ಬಂಗಾರ ಅರೆದು ಹಾಕ್ತಾರಾ? ಹಾಕಿದ್ರೆ ಸ್ವಲ್ಪ ತಂದುಕೊಡು, ಅತ್ತಿಗೆಗೆ ಓಲೆ ಮಾಡಿಸ್ತೀನಿ."

ಅವಳು ದೊಡ್ಡಪ್ಪನನ್ನೇ ಕೇಳಿದಳು. "ನಿಜ ಹೇಳಿ ದೊಡ್ಡಪ್ಪ, ಅಷ್ಟು ಬೆಲೆ ಬಾಳುತ್ತಾ?"

"ಬೆಲೆ ಹಾಕೋರು ಯಜಮಾನಿ. ನನ್ನ ಕೆಲಸ ಮುದುಕಿ ಸೋರದ ಹಾಗೆ ನೋಡ್ಕೊಳ್ಳೋದು," ಎಂದು ಅವರು ಜಾರಿಕೊಂಡರು.

ಕೆಲಸವನ್ನು ಅವರು ಬಾಯಿಯಲ್ಲಿ ಕಲಿಸಿದವರಲ್ಲ, ಕೈಯಲ್ಲಿ ಕಲಿಸಿದವರು. ಎಂಟು ಪೀಪಾಯಿಗಳೂ ಒಂದೊಂದಾಗಿ ಖಾಲಿಯಾದಂತೆ ಕುದಿಯುವ ನೀರು, ಸೋಡಾಪುಡಿ, ಉದ್ದ ಹಿಡಿಯ ಬ್ರಷ್ಷು ಕೊಟ್ಟು ಮೂರು ಸುತ್ತು ತೊಳೆಸಿದರು. ಮುದುಕಿ ಆಗ ತುಂಬಿದ್ದಳು. ತುಂಬಿದ ಪೀಪಾಯಿಯನ್ನು ತೊಳೆಯುವ ಮಾತೇ ಬರಲಿಲ್ಲ.

ಮುದುಕಿ ಖಾಲಿಯಾದ ವಾರದಲ್ಲೇ ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹತ್ತು ದಿನ ರಜೆ ಹಾಕಿದರು. ಅವಳು ಒಳಗೋಡೆಯನ್ನು ತುಸು ಕೆರೆದು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿ ಗಾಬರಿಯಾದಳು. ಲೆಕ್ಕವಿಲ್ಲದಷ್ಟು ಜೀವಾಣು. ಕಾಲೇಜಿನ ಮೊದಲ ಪಾಠವೇ ಶುಚಿತ್ವ. ದೊಡ್ಡಪ್ಪ ಬರುವಷ್ಟರಲ್ಲಿ ಮುಗಿಸಿಟ್ಟರೆ ಅವರಿಗೆ ಬಗ್ಗುವ ಕಷ್ಟ ತಪ್ಪೀತು ಎಂದುಕೊಂಡಳು. ಎರಡು ದಿನ, ಮೂರರ ಬದಲು ಆರು ಸುತ್ತು ತೊಳೆದಳು. ಮರ ಹೊಸ ಬಾಗಿಲಿನ ಹಾಗೆ ಬೆಳ್ಳಗಾಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಬಂದ ದೊಡ್ಡಪ್ಪ ನೇರವಾಗಿ ಮುದುಕಿಯ ಹತ್ತಿರ ಹೋಗಿ ತಲೆ ಒಳಗಿಟ್ಟರು. ಎರಡು ಸಲ ಮೂಸಿದರು.

"ಒಳಗೆ ಯಾರೂ ಇಲ್ಲ," ಎಂದರು.

ಆಗ ಅವಳಿಗೆ ತಿಳಿಯಿತು. ಮೈಕ್ರೋಸ್ಕೋಪಿನಲ್ಲಿ ತಾನು ಕಂಡದ್ದು ಕೊಳೆಯಲ್ಲ. ಆ ಹುಳಿ ಕೊಡುತ್ತಿದ್ದ ಕಾಡು ಯೀಸ್ಟು, ಇಪ್ಪತ್ತೆರಡು ವರ್ಷ ಆ ಮರದ ಸಂದಿಗಳಲ್ಲಿ ಸಂಸಾರ ಹೂಡಿದ್ದದ್ದು. ಮುದುಕಿಗೆ ದೊಡ್ಡಪ್ಪ ತಣ್ಣೀರು ಬಿಟ್ಟು ಬೇರೆ ಏನನ್ನೂ ಮುಟ್ಟಿಸುತ್ತಿರಲಿಲ್ಲ. ಅಲ್ಲಿಯವರೆಗೆ ಯಾರಿಗೂ ಅದನ್ನು ಹೆಚ್ಚು ತೊಳೆಯುವ ಹುಮ್ಮಸ್ಸು ಬಂದಿರಲಿಲ್ಲ, ಆದ್ದರಿಂದ ಅವರು ಯಾರಿಗೂ ಹೇಳಿರಲಿಲ್ಲ.

ಸುದ್ದಿ ಕೇಳಿ ಯಜಮಾನಿ ಕೆಳಗಿಳಿದು ಬಂದರು. "ಆಸ್ಪತ್ರೆಗೆ ಹೋಗೋ ಗಡಿಬಿಡೀಲಿ ಬಿಸಿನೀರು ಹಾಕಿರ್ತೀರಿ ದೊಡ್ಡಪ್ಪ. ವಯಸ್ಸಾಯ್ತಲ್ಲ." ದೊಡ್ಡಪ್ಪ ಅವಳ ಹೆಸರೆತ್ತದೆ ಮುದುಕಿಯ ಮುಚ್ಚಳ ಒರೆಸತೊಡಗಿದರು. ಯಜಮಾನಿ ಮುಂದುವರಿಸಿದರು: "ಹೋಗಲಿ, ಮಾಮೂಲಿ ಬಿಯರು ತುಂಬಿ. ಬಾಟಲಿಗೆ ಅದೇ ಚೀಟಿ ಅಂಟಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಅಂಟಿಸೋಕೆ ಬೇರೆಯವರನ್ನ ನೋಡ್ಕೊಳ್ಳಿ," ಎಂದರು ದೊಡ್ಡಪ್ಪ.

"ಹಾಗಾದ್ರೆ ಈ ಮರ ಇಟ್ಕೊಂಡು ಏನು ಮಾಡ್ಲಿ? ಮುದುಕಿ ದುಡಿಮೆ ಮೇಲೆ ತಾನೇ ಉಳಿದ ಎಂಟು ನಿಂತಿರೋದು? ಸ್ಟೀಲ್ ಟ್ಯಾಂಕಿನವರು ತಿಂಗಳಿಗೊಂದು ಸಲ ಫೋನ್ ಮಾಡ್ತಾನೇ ಇದ್ದಾರೆ. ಅದು ಬಂದ್ರೆ ಬಡಗಿಗೆ ಏನು ಕೆಲಸ, ನೀವೇ ಹೇಳಿ."

ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ, ಇದು ಅವಳ ಮೊದಲ ಕೆಲಸ. ಸುಮ್ಮನಿದ್ದರೆ ಉಳಿಯುತ್ತಿತ್ತು.

"ತೊಳೆದದ್ದು ನಾನು ಮೇಡಂ. ದೊಡ್ಡಪ್ಪ ಊರಲ್ಲೇ ಇರಲಿಲ್ಲ."

ಯಜಮಾನಿ ಇಬ್ಬರನ್ನೂ ಒಂದೊಂದು ಸಲ ನೋಡಿದರು. "ಒಂದು ಸಲ ತುಂಬಿ ನೋಡಿ. ಹದಿನಾಲ್ಕು ತಿಂಗಳು. ಆ ಹುಳಿ ಬರದಿದ್ರೆ ಒಂಬತ್ತೂ ಸೌದೆಗೆ." ಅವರು ಹೋದ ಮೇಲೆ ದೊಡ್ಡಪ್ಪ ಅವಳನ್ನು ಬಯ್ಯಲಿಲ್ಲ. ಬೆಳ್ಳಗಿನ ಮರವನ್ನು ಸವರುತ್ತ, "ಆರು ಸುತ್ತಾ?" ಎಂದು ಮಾತ್ರ ಕೇಳಿದರು.

ಅಂದು ಸಂಜೆ ಅವಳು ಅಮ್ಮನಿಗೆ ಫೋನ್ ಮಾಡಿ ಅತ್ತಳು. ಹಸು ಕಟ್ಟಿಕೊಂಡು ಹಾಲು ಮಾರುವ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ಅಷ್ಟೇನಾ? ನಮ್ಮನೆ ಹೆಪ್ಪು ಕೆಟ್ಟರೆ ನಾನು ಅಳ್ತೀನಾ? ಪಕ್ಕದ ಮನೆಗೆ ಹೋಗಿ ಒಂದು ಚಮಚ ಮೊಸರು ತರ್ತೀನಿ. ನಿಮ್ಮ ಮುದುಕಿ ಇಷ್ಟು ವರ್ಷ ಯಾರಿಗೂ ಏನೂ ಕೊಟ್ಟಿಲ್ವಾ? ಅಷ್ಟು ಓದಿದ್ದೀಯ, ಹೋಗಿ ಕೇಳು."

ಮರುದಿನ ಅವಳು ಬಾಟಲಿ ಮಾರುವ ಕೌಂಟರಿನ ಅಕ್ಕನನ್ನು ಹಿಡಿದಳು. ಮುದುಕಿಯ ಬಾಟಲಿಯನ್ನು ಸೋಸುತ್ತಿರಲಿಲ್ಲ, ತಳದಲ್ಲಿ ಗಷ್ಟು ಇರುತ್ತಿತ್ತು. ಆ ಗಷ್ಟಿನಲ್ಲಿ ಜೀವ ಉಳಿದಿರಬಹುದು. ಆದರೆ ಬಾಟಲಿಗಳೆಲ್ಲ ಎರಡೇ ದಿನದಲ್ಲಿ ಮಾರಿಹೋಗಿದ್ದವು, ಕೊಂಡವರೆಲ್ಲ ಕುಡಿದು ಮುಗಿಸಿದ್ದರು. "ಒಬ್ಬ ಇದ್ದಾನೆ," ಎಂದರು ಅಕ್ಕ. "ಹಿಂದಿನ ಬೀದಿ ದರ್ಜಿ. ಪ್ರತಿ ಸಲ ಒಂದೇ ಬಾಟಲಿ ತಗೊಳ್ತಾನೆ. ಬೆಲೆ ಕೇಳಿ ಬೈದು, ಆಮೇಲೆ ತಗೊಳ್ತಾನೆ. ಬಚ್ಚಿಟ್ಟು ನಿಧಾನಕ್ಕೆ ಕುಡಿಯೋ ಜಾತಿ."

ದೊಡ್ಡಪ್ಪನನ್ನೂ ಕರೆದುಕೊಂಡು ಅವಳು ಹೋದಳು. ದರ್ಜಿಯ ಅಂಗಡಿ ಕಿರಿದು. ಅರ್ಧ ಹೊಲಿದ ಕೋಟೊಂದು ತೋಳಿಲ್ಲದೆ ನೇತಾಡುತ್ತಿತ್ತು. ಬಾಟಲಿ ಬಟ್ಟೆಯ ಸುರುಳಿಗಳ ಹಿಂದಿತ್ತು. ಕೊಡಲು ಅವನು ಸುತರಾಂ ಒಪ್ಪಲಿಲ್ಲ.

"ನನಗೆ ಬೇಕಾಗಿರೋದು ತಳದ ಗಷ್ಟು ಮಾತ್ರ," ಎಂದಳು ಅವಳು.

"ನನಗೆ ಬೇಕಾಗಿರೋದು ಮೇಲಿಂದು," ಎಂದು ದರ್ಜಿ ಮುಖ ಅರಳಿಸಿದ. "ಮೊದಲೇ ಹೇಳಬಾರದಾ? ಕೂತ್ಕೊಳ್ಳಿ. ಅವಸರ ಮಾಡಬೇಡಿ."

ಆಗ ಎರಡು ಗಂಟೆ. ಅಲುಗಾಡದಂತೆ ಓರೆ ಮಾಡಿ ಲೋಟಕ್ಕೆ ಬಗ್ಗಿಸಿಕೊಂಡು ಅವನು ಕುಡಿಯತೊಡಗಿದ. ಒಂದು ಗುಟುಕು, ಆಮೇಲೆ ನಾಲ್ಕು ಹೊಲಿಗೆ. ಇನ್ನೊಂದು ಗುಟುಕು, ಆಮೇಲೆ ಬೀದಿಯ ಕಡೆಗೊಂದು ನೋಟ. ಬಿಸಿಲು ಕೋಟಿನ ಕಾಲರಿನಿಂದ ಜೇಬಿಗೆ, ಜೇಬಿನಿಂದ ನೆಲಕ್ಕೆ ಇಳಿಯಿತು. ಲೋಟದ ಬಣ್ಣ ಜೇನಿನಿಂದ ತಾಮ್ರಕ್ಕೆ ತಿರುಗಿತು. ದೊಡ್ಡಪ್ಪ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿದರು. ಅವಳಿಗೂ ರೆಪ್ಪೆ ಭಾರವಾಗಿ, ಹೊಲಿಗೆ ಯಂತ್ರದ ಸದ್ದು ಎಲ್ಲೋ ದೂರದ ಹೊಳೆಯ ಆಚೆ ದಡದಿಂದ ಬಂದಂತೆ ಕೇಳಿಸುತ್ತಿತ್ತು.

"ಅಷ್ಟು ಬೆಲೆ ಕೊಟ್ಟದ್ದು ಸರಿ ಅನ್ನಿಸುತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಿ ಸರಿ? ಮನೆ ತಲುಪೋವರೆಗೂ ಬೈಕೊಂಡೇ ಹೋಗ್ತೀನಿ." ದರ್ಜಿ ದಾರ ಕಡಿದ. "ನನ್ನ ಕೋಟಿಗೂ ಜನ ಹಾಗೇ ಬೈತಾರೆ. ಅಂಗಡೀಲಿ ರೆಡಿಮೇಡ್ ಇದರ ಅರ್ಧಕ್ಕೆ ಸಿಗುತ್ತೆ ಅಂತಾರೆ. ಸಿಗುತ್ತೆ, ಸುಳ್ಳಲ್ಲ."

"ಮತ್ತೆ?"

"ಮತ್ತೇನು? ಬೈದು ಹೊಲಿಸ್ಕೊಂಡು ಹೋಗ್ತಾರೆ. ಬೇರೆ ದಿನ ನಾನೂ ಅಗ್ಗದ್ದೇ ಕುಡಿಯೋದು. ಎರಡು ನಿಮಿಷಕ್ಕೆ ಮುಗಿಯುತ್ತೆ, ಬಾಯಾರಿಕೆ ಹೋಗುತ್ತೆ, ಅದೂ ಒಳ್ಳೇದೇ. ಇದು ನೋಡಿ, ಗಂಟೆ ಐದಾದ್ರೂ ಮುಗೀತಿಲ್ಲ."

ಕೊನೆಗೆ ತಳದ ಎರಡು ಬೆರಳಷ್ಟನ್ನು ಬಿಟ್ಟು ಬಾಟಲಿ ಅವಳ ಕೈಗಿತ್ತ. ಅವಳು ಅದನ್ನು ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದು ಲ್ಯಾಬಿಗೆ ನಡೆದಳು.

ಗಷ್ಟನ್ನು ಬಾರ್ಲಿಯ ಸಿಹಿನೀರಿಗೆ ಬೆರೆಸಿಟ್ಟು ಮೂರು ವಾರ ಕಾದರೂ ಏನೂ ಆಗಲಿಲ್ಲ. ನಾಲ್ಕನೆಯ ವಾರ ಗಾಜಿನ ಬುಡ್ಡಿಯಲ್ಲಿ ತೆಳ್ಳನೆಯ ಕೆನೆ ಕಟ್ಟಿತು. ಅದನ್ನು ಬುಡ್ಡಿಯಿಂದ ಜಾಡಿಗೆ, ಜಾಡಿಯಿಂದ ಬಕೆಟ್ಟಿಗೆ ಬೆಳೆಸಿ ಹೊಸ ಬಿಯರಿನ ಜೊತೆ ಮುದುಕಿಗೆ ಸುರಿದರು. ಆಮೇಲೆ ಕಾಯುವುದಷ್ಟೇ ಉಳಿಯಿತು. ಪ್ರತಿದಿನ ಊಟದ ನಂತರ ಇಬ್ಬರೂ ಮೂಲೆಯಲ್ಲಿ ಎರಡು ಸ್ಟೂಲು ಹಾಕಿ ಕೂರುತ್ತಿದ್ದರು. ದೊಡ್ಡಪ್ಪ ಮರದ ಬಗ್ಗೆ ಹೇಳುತ್ತಿದ್ದರು: ಯಾವ ಮರ ನೀರು ಕುಡಿಯುತ್ತದೆ, ಯಾವುದು ಮುನಿಸಿಕೊಳ್ಳುತ್ತದೆ. ಅವಳು ಯೀಸ್ಟಿನ ಬಗ್ಗೆ ಹೇಳುತ್ತಿದ್ದಳು. ಅವರು ಅರ್ಧ ನಂಬಿ, ಅರ್ಧ ನಿದ್ದೆ ಹೋಗುತ್ತಿದ್ದರು. ಐದನೆಯ ತಿಂಗಳು, ಮಾತಿನ ನಡುವೆ, ಒಂದು ಗುಳ್ಳೆ ಒಡೆದ ಸದ್ದಾಯಿತು. ಇಬ್ಬರೂ ಮರಕ್ಕೆ ಕಿವಿ ಹಚ್ಚಿದರು. ಇನ್ನೊಂದು ಬರಲು ಇಡೀ ಮಧ್ಯಾಹ್ನ ಹಿಡಿಯಿತು.

ಹದಿನಾಲ್ಕು ತಿಂಗಳು ತುಂಬಿದ ದಿನ ಯಜಮಾನಿ ಲೋಟ ಹಿಡಿದು ಬಂದರು. ಕುಡಿದು, ಲೋಟ ಮತ್ತೆ ಮುಂದೆ ಚಾಚಿದರು. ಎರಡನೆಯ ಸಲ ಮುಗಿಸಿದ ಮೇಲೆ, "ಟ್ಯಾಂಕಿನವರಿಗೆ ಬೇಡ ಅಂತ ಹೇಳಿಬಿಡ್ತೀನಿ," ಎಂದರು.

ದೊಡ್ಡಪ್ಪ ಚಮಚ ಚೀಪಿದರು. "ಹುಳಿ ಇನ್ನೂ ಎಳಸು. ಈ ಸಲ ಅರ್ಧ ಬೆಲೆಗೆ ಕೊಡಿ."

"ಅರ್ಧಕ್ಕಾ? ಈಗ ತಾನೇ ನಿಮ್ಮ ಕೆಲಸ ಉಳಿಸಿದೆ ದೊಡ್ಡಪ್ಪ, ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ."

"ಪೂರ್ತಿ ಬೆಲೆ ಮುಂದಿನ ಸಲ ನೋಡೋಣ. ಮುದುಕಿಯನ್ನ ಕೇಳಿ ಹೇಳ್ತೀನಿ."

ಯಜಮಾನಿ ಗೊಣಗಿದರು, ಆದರೆ ಅರ್ಧವನ್ನೇ ಬರೆಸಿದರು.

ಇದಾಗಿ ನಾಲ್ಕು ವರ್ಷ. ದೊಡ್ಡಪ್ಪ ಈಗ ವಾರಕ್ಕೆ ನಾಲ್ಕು ದಿನ ಕೆಲಸಕ್ಕೆ ಬರುತ್ತಾರೆ. ಪೀಪಾಯಿಗಳ ಕಬ್ಬಿಣದ ಪಟ್ಟಿ ಬಿಗಿಯುತ್ತಾರೆ, ಸೋರುವ ಹಲಗೆ ಬದಲಿಸುತ್ತಾರೆ. ಪ್ರತಿ ಸಲ ಮುದುಕಿ ಖಾಲಿಯಾದಾಗ ಅವಳನ್ನು ಲ್ಯಾಬಿನಿಂದ ಕರೆದು, ಜೊತೆಗೆ ಕೂತು ರುಚಿ ನೋಡಿ, ಆ ಸಲದ ಬೆಲೆ ಎಷ್ಟಿರಬೇಕೆಂದು ಯಜಮಾನಿಗೆ ಹೇಳುತ್ತಾರೆ.