ಬಾಗಿಲಿಗೆ ಒರಗಿಸಿದ ಕೋಲು

ಉತ್ತರ ರಷ್ಯಾದ ಮೆಜೆನ್ ನದಿಯ ದಂಡೆಯ ಚುಲೊಗೊರ ಹಳ್ಳಿಯಲ್ಲಿ ಮನೆಗಳಿಗೆ ಬೀಗ ಹಾಕುವ ರೂಢಿಯಿಲ್ಲ. ಮನೆಯವರು ಹೊರಗೆ ಹೋಗುವಾಗ ಬಾಗಿಲಿಗೊಂದು ಕೋಲು ಒರಗಿಸುತ್ತಾರೆ. ಕೋಲು ಕಂಡವರು ಮೆಟ್ಟಿಲಿನಿಂದಲೇ ಹಿಂದಿರುಗುತ್ತಾರೆ. ಮರದ ಚರ್ಚಿಗೆ ಮಾತ್ರ ಬೀಗವಿತ್ತು. ಬೇರೊಂದು ಹಳ್ಳಿಯಲ್ಲಿ ದೇವರ ಪಟಗಳು ಕಳುವಾದ ಮೇಲೆ ಮ್ಯೂಸಿಯಮ್ಮಿನವರು ಅದನ್ನು ಹಾಕಿಸಿ, ಬೀಗದ ಕೈಯನ್ನು ಕಪಿತೊಲಿನಾ ಯೆಗೋರೊವ್ನಾಳ ವಶಕ್ಕೆ ಕೊಟ್ಟಿದ್ದರು.

ಕಪಿತೊಲಿನಾ ಕೊಟ್ಟಿಗೆಯಲ್ಲಿ ಹಾಲು ಕರೆದು ನಿವೃತ್ತಳಾದವಳು. ಬೇಸಿಗೆಯಲ್ಲಿ ದೋಣಿಗಳಲ್ಲಿ ಬರುವ ಜನ ಕೆಂಪು ಮಣ್ಣಿನ ಕಡಿದಾದ ದಡಗಳನ್ನೂ ಪಾಳುಬಿದ್ದ ಮಠವನ್ನೂ ನೋಡಿಕೊಂಡು ಇಲ್ಲಿ ಇಳಿಯುತ್ತಾರೆ. ಅವರಿಗಾಗಿ ಅವಳು ಭಾಷಣ ಮಾಡುವುದಿಲ್ಲ. ಚರ್ಚಿನ ಬಣ್ಣ ಕಾಣದ ಹಲಗೆ ನೆಲವನ್ನು ಮರಳು ಹಾಕಿ, ಕಡ್ಡಿ ಪೊರಕೆಯನ್ನು ಕಾಲಡಿ ಒತ್ತಿ ಉಜ್ಜಿ ಬೆಳ್ಳಗೆ ಇಟ್ಟಿದ್ದಾಳೆ. ಬೂಟು ಕಳಚದವರಿಗೆ ಒಳಗೆ ಪ್ರವೇಶವಿಲ್ಲ. ಎದುರಿಗೆ ಸಂತ ನಿಕೊಲಾಯನ ಪಟ. ಹಿಂದೆ ಸರ್ಕಾರ ಮಠ ಮುಚ್ಚಿಸಿದಾಗ ಅವಳ ಅಜ್ಜ ಅದನ್ನು ಮೀನಿನ ಬಲೆಯಡಿ ಬಚ್ಚಿಟ್ಟು ದೋಣಿಯಲ್ಲಿ ತಂದಿದ್ದ.

ಆ ಪಟವನ್ನೇ ಪಟ್ಟಣಕ್ಕೆ ಒಯ್ಯುವ ಮಾತು ನಡೆದಿತ್ತು. ಚರ್ಚು ಭದ್ರವಾಗಿದೆಯೇ ಎಂದು ನೋಡಿ ತೀರ್ಮಾನಿಸಲು ಬೇಸಿಗೆಯಲ್ಲಿ ಯಾರಾದರೂ ಬರುತ್ತಾರೆಂದು ಮ್ಯೂಸಿಯಮ್ಮಿನವರು ತಿಳಿಸಿದ್ದರು. ಯಾವ ದಿನವೆಂದು ತಿಳಿಸಿರಲಿಲ್ಲ.

ಅಷ್ಟರಲ್ಲಿ ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿತು. ನೆರೆಮನೆಯ ಸಾವ್ವಾತಿ ಅದನ್ನು ಗರಗಸದಲ್ಲಿ ಕೊಯ್ದು ತೆಗೆದ.

"ಹೊಸದು ಬರೋವರೆಗೂ ಏನ್ ಮಾಡ್ತೀಯ, ಯೆಗೋರೊವ್ನಾ?"

"ಕೋಲಿಲ್ವಾ?"

"ಸಂತನ್ನ ಕೋಲು ಕಾಯುತ್ತಾ?"

"ನಿನ್ನ ಮನೆ ಕಾಯಲ್ವಾ?"

"ನಮ್ಮನೇಲಿ ಕದಿಯೋಕೆ ಏನಿದೆ, ನನ್ನ ಹೆಂಡ್ತಿ ಬೈಗುಳ ಬಿಟ್ರೆ?"

ಒಂದು ದಿನ ಕಪಿತೊಲಿನಾ ಎದುರು ದಂಡೆಯಲ್ಲಿ ಹುಲ್ಲು ಒಟ್ಟುತ್ತಿದ್ದಳು. ಈಚೆ ಹಳ್ಳಿಯ ಕಡವಿನಲ್ಲಿ ಮ್ಯೂಸಿಯಮ್ಮಿನ ಮೋಟಾರು ದೋಣಿ ನಿಂತದ್ದೂ, ಹೆಂಗಸೊಬ್ಬಳು ಚರ್ಚಿನತ್ತ ಹತ್ತಿದ್ದೂ ಕಂಡಿತು. ಕಪಿತೊಲಿನಾ ಹುಲ್ಲುಗೋಲು ಎಸೆದು ದೋಣಿಗಿಳಿದಳು. ಮಳೆ ಶುರುವಾಯಿತು, ಸೆಳವು ದೋಣಿಯನ್ನು ಕೆಳಕ್ಕೆ ಎಳೆಯಿತು. ಹುಟ್ಟು ಹಾಕುವಷ್ಟು ಹೊತ್ತೂ ಕಣ್ಣೆದುರು ಇದ್ದದ್ದು ಪಟವಿಲ್ಲದ ಬರಿಗೋಡೆ. ಕೋಲು ಇಟ್ಟವಳು ತಾನೇ. ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಬಂದು ನೋಡಿದರೆ, ಹೆಂಗಸು ಚರ್ಚಿನ ಮೆಟ್ಟಿಲ ಮೇಲೆ ತೊಯ್ದು ಕೂತಿದ್ದಳು. ದೋಣಿಯವನು ಗೋಡೆಗೆ ಅಂಟಿ ನಿಂತು ನಗುತ್ತಿದ್ದ. ಕಪಿತೊಲಿನಾಳನ್ನು ಕಂಡು ಕೂಗಿದ:

"ಕಾಪಾ ಅಜ್ಜಿ, ಈ ಅಮ್ಮನಿಗೆ ನೀನಾದ್ರೂ ಹೇಳು. ಬಾಗಿಲಿಗೆ ಬೀಗ ಇಲ್ಲ, ಒಳಗೆ ಹೋಗಿ ಅಂದ್ರೆ ಮಳೇಲಿ ಕೂತವ್ರೆ."

"ಕೋಲಿದೆಯಲ್ಲಪ್ಪ," ಎಂದಳು ಹೆಂಗಸು. ಅವಳ ಹೆಸರು ರಯೀಸಾ ಅರ್ಕಾದ್ಯೆವ್ನಾ. ಪರಿಶೀಲನೆಗೆ ಬಂದವಳು ಅವಳೇ. "ನಮ್ಮಜ್ಜಿ ಊರೂ ಇದೇ ಹೊಳೆ ಮೇಲೆ. ಕೋಲಿದ್ದ ಬಾಗಿಲು ತಳ್ಳಿದ್ರೆ ಕೈ ಮುರೀತಿದ್ಲು." ಅಷ್ಟು ಹೇಳಿದ ಮೇಲೆ ತಾನು ಬಂದ ಕೆಲಸ ಅವಳಿಗೆ ನೆನಪಾಯಿತು. "ಬೀಗ ಎಲ್ಲಿ, ಕಪಿತೊಲಿನಾ ಯೆಗೋರೊವ್ನಾ?"

"ಕೊಯ್ಸಿದೆ. ತಪ್ಪು ನಂದೇ, ಹಾಗೇ ಬರ್ಕೊಳ್ಳಿ. ನೀವು ಯಾಕೆ ಒಳಗೆ ಹೋಗ್ಲಿಲ್ಲ, ಅದನ್ನೂ ಬರ್ಕೊಳ್ಳಿ."

"ಬರೋರೆಲ್ಲ ಈ ಹೊಳೆಯವರಲ್ಲ."

"ಅಲ್ಲ," ಎಂದು ಕಪಿತೊಲಿನಾ ಒಪ್ಪಿದಳು. ಅವಳು ಹಟಮಾರಿ, ದಡ್ಡಿಯಲ್ಲ.

ಕೋಲನ್ನು ತೆಗೆದು ಬಾಗಿಲು ತೆರೆದಳು. ರಯೀಸಾ ಹೇಳಿಸಿಕೊಳ್ಳದೆ ಬೂಟು ಕಳಚಿದಳು. ಪಟದೆದುರು ಬಹಳ ಹೊತ್ತು ನಿಂತು, ಆಮೇಲೆ ಕಾಲಡಿಯ ಬಿಳಿ ಹಲಗೆಗಳನ್ನು ನೋಡಿದಳು.

"ಬೀಗ ನಾನು ಕಳಿಸ್ತೀನಿ. ರಾತ್ರಿ ಅದು, ಹಗಲು ನಿಮ್ಮ ಕೋಲು."

"ಸಂತ?"

"ಇಷ್ಟು ಮಳೇಲಿ ಅವನೆಲ್ಲಿಗೆ ಹೋಗ್ತಾನೆ?"

ರಯೀಸಾ ಹೊರಹೋದ ಮೇಲೆ ಕಪಿತೊಲಿನಾ ಒದ್ದೆ ಹೆಜ್ಜೆಗಳನ್ನು ಒರೆಸಿ, ಬಾಗಿಲು ಮುಚ್ಚಿ ಕೋಲು ಒರಗಿಸಿದಳು. ಎದುರು ದಂಡೆಯ ಹುಲ್ಲು ಪೂರ್ತಿ ನೆನೆದಿತ್ತು. ಬಿಸಿಲು ಬಂದಾಗ ಅದನ್ನು ಮತ್ತೆ ಹರಡಲು ಹೋದಳು.