ಫೋಟೊದಲ್ಲಿ ಪಾಸಾದ ಬೈಕು

ಕಳೆದ ಜೂನ್‌ನಲ್ಲಿ, ಹಿಮಾಲಯಕ್ಕೆ ಹೊರಡುವ ಹಿಂದಿನ ಸಂಜೆ, ನನ್ನ ಹಳೆಯ ಅಡ್ವೆಂಚರ್ ಬೈಕನ್ನು ಆರು ತಿಂಗಳಿಗೊಮ್ಮೆ ಮಾಡಿಸುವ ಹೊಗೆ ತಪಾಸಣೆಗೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ಒಯ್ದೆ. ಹೆದ್ದಾರಿ ಬದಿಯ ತಪಾಸಣಾ ವ್ಯಾನಿನವರು ನಂಬರ್ ಪ್ಲೇಟಿನ ಫೋಟೊ ತೆಗೆದು, “ಪಾಸಾಯ್ತ್ರಿ” ಎಂದರು.

“ಸೈಲೆನ್ಸರಿಗೆ ಪೈಪ್ ಹಾಕಲೇ ಇಲ್ಲಲ್ಲ, ಅಣ್ಣಾ?”

“ಪ್ರತಿ ಸಲ ಹಿಂಗೇ ಪಾಸಾಗ್ತದ. ಯಾಕ, ನಿಮ್ಮ ಗಾಡಿ ಮ್ಯಾಲ ನಿಮಗ ನಂಬಿಕಿ ಇಲ್ಲೇನ್ರಿ?”

“ಅದ. ಅದಕ್ಕೇ ಹಾಕಿ ನೋಡ್ರಿ. ಫೇಲಾದ್ರ ನಾಳೆ ಹೋಗೂದಿಲ್ಲ.”

ಅವರು ನಕ್ಕು ಪೈಪ್ ಹಾಕಿದರು. ಎಂಜಿನ್ ಮೆಲ್ಲಗೆ ಮಿಡಿಯುತ್ತಿತ್ತು. ಹೊಗೆ ಹಸಿ ಹೊಲಗಳ ಮೇಲೆ ತೇಲುತ್ತ ಬೆಟ್ಟದ ಮಂಜಿನಂತೆ ಹರಡಿತು. ಮನಸ್ಸಿನಲ್ಲಿ ನಾನು ಆಗಲೇ ಯಾವುದೋ ಕಣಿವೆಯಲ್ಲಿದ್ದೆ.

“ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡಿನ ಮಿತಿ ಮೂರೂವರೆ ಪರ್ಸೆಂಟ್ ಅದ್ರಿ” ಎಂದು ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. “ನೀವೇ ಕೇಳಿದ್ರಿ ನೋಡ್ರಿ.”

ಅದರಲ್ಲಿ ನಾಲ್ಕು ಪಾಯಿಂಟ್ ಎರಡು ಇತ್ತು.