ಮಾತು ಬಿಡಿ, ಉಸಿರು ಕೇಳಿ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಯಾರ್ಡಿನಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದಾಗ, ಉಡುಪಿ ಕಡೆಯವರೊಬ್ಬರು ಸೇಫ್ಟಿ ಆಫೀಸರ್ ಆಗಿದ್ದರು. ಯಾರ್ಡಿನ ವಾಕಿಟಾಕಿಗಳ ಮಾತನ್ನೆಲ್ಲ ಒಂದೊಂದೇ ಚಾನೆಲ್ ಬದಲಿಸುತ್ತ ಕೇಳಿಸುವ ಸ್ಕ್ಯಾನರ್ ಸದಾ ಅವರ ಎಡಗಿವಿಗೆ ಒತ್ತಿಕೊಂಡಿರುತ್ತಿತ್ತು. ಊಟದ ಹೊತ್ತಿಗೂ ಅಷ್ಟೇ, ನಾವು ಬಲಗಡೆ ಕೂತೇ ಮಾತಾಡಬೇಕು.

"ನಮ್ಮವರು ಸಾಯುವಾಗ್ಲೂ ಓಕೆ ಸರ್ ಹೇಳ್ತಾರೆ ಮಾರಾಯ್ರೆ. ಮಾತು ಬಿಡಿ, ಉಸಿರು ಕೇಳಿ," ಎನ್ನುತ್ತಿದ್ದರು.

ಜುಲೈನ ಒಂದು ಬೆಳಿಗ್ಗೆ, ಲೋಡಿಂಗ್ ಭರದಿಂದ ನಡೆದಿದ್ದಾಗ, ಅವರು ಇದ್ದಕ್ಕಿದ್ದಂತೆ ಎದ್ದು ನಿಂತರು.

"ಕ್ರೇನ್ ನಿಲ್ಲಿಸಿ. ಖಲಾಸ್, ಕೆಲಸ ಸಾಕು."

ಮ್ಯಾನೇಜರ್ ಸಿಡುಕಿದರು. "ಆಪರೇಟರ್ ಈಗಷ್ಟೇ ಓಕೆ ಅಂದನಲ್ಲ?"

"ಅಂದದ್ದು ಹೌದು. ಆದ್ರೆ ಓಕೆಯಾ ಅಂತ ಅವನನ್ನು ಯಾರೂ ವಿಚಾರಿಸಿರ್ಲಿಲ್ಲ."

ಕ್ರೇನಿನ ಕ್ಯಾಬಿನ್ನಿನ ಎಸಿ ಕೆಟ್ಟಿತ್ತು. ಕೆಳಗಿಳಿಸಿದಾಗ ಆಪರೇಟರನ ಅಂಗಿ ಪೂರ್ತಿ ಒಣಗಿತ್ತು, ಸೆಕೆ ತಲೆಗೇರಿ ಬೆವರೇ ನಿಂತುಹೋಗಿತ್ತು. ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿಕೊಂಡ.

ಕೆಲವು ವರ್ಷಗಳ ನಂತರ ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಸ್ಕ್ಯಾನರನ್ನು ನನ್ನ ಕೈಗಿತ್ತು ಹೋದವರು, ಗೇಟಿನ ವಾಚ್‌ಮನ್‌ನ ವಾಕಿಟಾಕಿ ಇಸಿದುಕೊಂಡು ಒಂದೇ ಮಾತು ಹೇಳಿದರು. "ನಾನು ಓಕೆ. ಬರ್ತೇನೆ."

ನಾನು ಸ್ಕ್ಯಾನರನ್ನು ಎಡಗಿವಿಗೆ ಒತ್ತಿ ಹಿಡಿದೆ. ಅವರನ್ನು ಯಾರೂ ವಿಚಾರಿಸಿರಲಿಲ್ಲ.